ಹಬ್ಬದ ರಜೆ ಬ್ಯಾಂಕಿಗೆ, ವಂಚಕರಿಗಲ್ಲ: ಕಾರ್ಡ್ ವಂಚನೆಯ ಲೆಕ್ಕ

2024ರಲ್ಲಿ ದಸರೆ, ದೀಪಾವಳಿ ಎರಡೂ ಅಕ್ಟೋಬರಿನಲ್ಲೇ ಬಂದವು. ಆ ಒಂದು ತಿಂಗಳಲ್ಲಿ ದೇಶದಾದ್ಯಂತ ನಡೆದ ಯುಪಿಐ ವಹಿವಾಟು 1,658 ಕೋಟಿ, ಮೊತ್ತ 23.5 ಲಕ್ಷ ಕೋಟಿ ರೂಪಾಯಿ. ಹಿಂದಿನ ಸೆಪ್ಟೆಂಬರಿನಲ್ಲಿ 1,504 ಕೋಟಿ ವಹಿವಾಟು ನಡೆದಿತ್ತು. ದಿನದ ಲೆಕ್ಕ ಹಾಕಿದರೆ 50 ಕೋಟಿ ಇದ್ದದ್ದು ಹಬ್ಬದ ತಿಂಗಳಲ್ಲಿ 53 ಕೋಟಿ ದಾಟಿತು. ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚೂ ಆ ತಿಂಗಳು 2 ಲಕ್ಷ ಕೋಟಿ ರೂಪಾಯಿ ಮೀರಿತು. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕಾರ್ಡ್ ಉಜ್ಜಿದ್ದು, ಮನೆಯಲ್ಲೇ ಕೂತು ಮಿಕ್ಸಿ ತರಿಸಿಕೊಂಡಿದ್ದು, ಪಟಾಕಿ ಮಳಿಗೆಯಲ್ಲಿ ಸ್ಕ್ಯಾನ್ ಮಾಡಿದ್ದು ಎಲ್ಲವೂ ಇದರಲ್ಲಿ ಸೇರಿವೆ.

ಇಷ್ಟು ದುಡ್ಡು ಓಡಾಡುವಲ್ಲಿ ಕಳವಾಗುವುದು ಎಷ್ಟು? ಕೇಂದ್ರ ಹಣಕಾಸು ಸಚಿವಾಲಯ ಲೋಕಸಭೆಗೆ ಕೊಟ್ಟ ಲೆಕ್ಕದ ಪ್ರಕಾರ 2023-24ರಲ್ಲಿ ಯುಪಿಐ ವಂಚನೆಯ ಪ್ರಕರಣಗಳು 13.42 ಲಕ್ಷ, ಹೋದ ಹಣ 1,087 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ 7.25 ಲಕ್ಷ ಪ್ರಕರಣ, 573 ಕೋಟಿ. ಅಂದರೆ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. 2023-24ರ ಒಟ್ಟು ಯುಪಿಐ ವಹಿವಾಟು ಸುಮಾರು 13,100 ಕೋಟಿ, ಮೊತ್ತ ಸುಮಾರು 200 ಲಕ್ಷ ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಲಕ್ಷ ರೂಪಾಯಿಗೆ ಸುಮಾರು ಐದೂವರೆ ರೂಪಾಯಿ ವಂಚಕರ ಪಾಲು. ಹತ್ತಿರ ಹತ್ತಿರ ಲಕ್ಷ ವಹಿವಾಟಿಗೊಂದು ಮೋಸ.

ಬ್ಯಾಂಕಿನವರಿಗೆ ಈ ಅನುಪಾತ ನೆಮ್ಮದಿ ಕೊಡಬಹುದು. ಕಳಕೊಂಡವರಿಗೆ ಇದರಿಂದ ಆಗುವ ಉಪಯೋಗವೇನೂ ಇಲ್ಲ, ಏಕೆಂದರೆ ನಷ್ಟವನ್ನು ಯಾರೂ ಲಕ್ಷಕ್ಕೆ ಐದೂವರೆಯಂತೆ ಹಂಚಿಕೊಳ್ಳುವುದಿಲ್ಲ. 1,087 ಕೋಟಿಯನ್ನು 13.42 ಲಕ್ಷದಿಂದ ಭಾಗಿಸಿದರೆ ಪ್ರಕರಣವೊಂದಕ್ಕೆ ಸರಾಸರಿ 8,100 ರೂಪಾಯಿ. ಒಂದು ಸಾಧಾರಣ ಮನೆಯಲ್ಲಿ ಮಕ್ಕಳಿಬ್ಬರ ಹೊಸಬಟ್ಟೆ, ಅಮ್ಮನ ಸೀರೆ, ಸಿಹಿತಿಂಡಿ ಎಲ್ಲ ಈ ದುಡ್ಡಿನಲ್ಲಿ ಮುಗಿಯುತ್ತದೆ. ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯ ವಂಚನೆ ಪಟ್ಟಿ ಲೆಕ್ಕಕ್ಕೆ ಹಿಡಿಯುವುದು 1 ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಮೇಲಿನ ಪ್ರಕರಣಗಳನ್ನು ಮಾತ್ರ. 2024-25ರಲ್ಲಿ ಕಾರ್ಡ್ ಮತ್ತು ಇಂಟರ್‌ನೆಟ್ ವಂಚನೆ ಎಂದು ಅಲ್ಲಿ ತೋರಿಸಿರುವುದು 13,516 ಪ್ರಕರಣ, 520 ಕೋಟಿ ರೂಪಾಯಿ. ಹಬ್ಬದ ಹೊತ್ತಿಗೆ ಎಂಟು ಸಾವಿರ ಕಳಕೊಂಡ ಮನೆಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಕಾರ್ಡು, ಯುಪಿಐ ಜೊತೆಗೆ ಹೂಡಿಕೆಯ ಆಮಿಷ, ಡಿಜಿಟಲ್ ಅರೆಸ್ಟ್ ಇವನ್ನೆಲ್ಲ ಸೇರಿಸಿದ ದೊಡ್ಡ ಲೆಕ್ಕ ಗೃಹ ಸಚಿವಾಲಯದ್ದು. 2023ರಲ್ಲಿ 24.43 ಲಕ್ಷ ಹಣಕಾಸು ವಂಚನೆ, ನಷ್ಟ 7,465 ಕೋಟಿ, 2024ರಲ್ಲಿ 36.37 ಲಕ್ಷ, ನಷ್ಟ 22,845 ಕೋಟಿ. ಪ್ರಕರಣ ಹೆಚ್ಚಿದ್ದು ಶೇ 49ರಷ್ಟು, ನಷ್ಟ ಹೆಚ್ಚಿದ್ದು ಶೇ 206ರಷ್ಟು. ಒಂದು ಪ್ರಕರಣದ ಸರಾಸರಿ ನಷ್ಟ 30,600 ರೂಪಾಯಿಯಿಂದ 62,800ಕ್ಕೆ ಏರಿದೆ. ಮೋಸ ಹೋಗುವವರ ಸಂಖ್ಯೆಗಿಂತ ಒಬ್ಬೊಬ್ಬರಿಂದ ದೋಚುವ ಮೊತ್ತ ಜೋರಾಗಿ ಬೆಳೆಯುತ್ತಿದೆ. ನನ್ನನ್ನು ಹೆಚ್ಚು ಕಾಡುವ ಅಂಕಿ ಇದು.

ಕರ್ನಾಟಕದ ಪಾಲು ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2023ರ ವರದಿಯಂತೆ ದೇಶದ 86,420 ಸೈಬರ್ ಅಪರಾಧ ಪ್ರಕರಣಗಳಲ್ಲಿ 21,889 ನಮ್ಮ ರಾಜ್ಯದವು, ನಾಲ್ಕರಲ್ಲೊಂದು. ಅದರಲ್ಲೂ 17,631 ಬೆಂಗಳೂರು ನಗರವೊಂದರಲ್ಲೇ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು, ದೂರು ಕೊಡುವ ಅಭ್ಯಾಸವೂ ಇಲ್ಲಿ ಹಳೆಯದು. ಹಾಗಾಗಿ ಎಫ್‌ಐಆರ್ ಹೆಚ್ಚಿದೆ ಎಂದ ಮಾತ್ರಕ್ಕೆ ಉಳಿದ ರಾಜ್ಯಗಳು ಸುರಕ್ಷಿತ ಎಂದು ತಿಳಿಯಬೇಕಿಲ್ಲ.

ಹೋದ ಹಣದಲ್ಲಿ ವಾಪಸ್ ಹಿಡಿಯಲು ಸಿಕ್ಕಿದ್ದು ಎಷ್ಟು? ಸೈಬರ್ ವಂಚನೆಯ ದೂರಿಗೆಂದೇ ಇರುವ 1930 ಸಹಾಯವಾಣಿಯ ಹಿಂದೆ ಕೆಲಸ ಮಾಡುವ ವ್ಯವಸ್ಥೆ 2021ರಲ್ಲಿ ಬಂತು. 2025ರ ಜುಲೈ ವೇಳೆಗೆ ಅದು 17.82 ಲಕ್ಷ ದೂರುಗಳಲ್ಲಿ ಉಳಿಸಿದ್ದು 5,489 ಕೋಟಿ ರೂಪಾಯಿಗಿಂತ ಹೆಚ್ಚು. ನಾಲ್ಕು ವರ್ಷದ ಉಳಿತಾಯವನ್ನೆಲ್ಲ ಕೂಡಿಸಿದರೂ 2024ರ ಒಂದೇ ವರ್ಷದ ನಷ್ಟದ ಕಾಲುಭಾಗ ಆಗದು. ಹೀಗೆ ಉಳಿಸಿದ್ದು ಹೆಚ್ಚಾಗಿ ಬೇಗ ಕರೆ ಮಾಡಿದವರ ದುಡ್ಡು. ಆ ವ್ಯವಸ್ಥೆ ಮಾಡುವುದು ಒಂದೇ ಕೆಲಸ: ಹಣ ಯಾವ ಖಾತೆಗೆ ಹೋಗಿದೆಯೋ ಅದನ್ನು ಬೆನ್ನಟ್ಟಿ, ಅಲ್ಲಿಂದ ಮುಂದಕ್ಕೆ ಜಾರುವ ಮೊದಲು ತಡೆಹಿಡಿಯುವುದು. ವಂಚಕರು ಬಾಡಿಗೆ ಖಾತೆಗಳಲ್ಲಿ ಹಣವನ್ನು ಚೂರು ಚೂರು ಮಾಡಿ ದಾಟಿಸುತ್ತಾರೆ. ನಾಲ್ಕನೆಯ ಖಾತೆಯಿಂದ ಎಟಿಎಂನಲ್ಲಿ ನೋಟಾಗಿ ಹೊರಬಂದ ಮೇಲೆ ತಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಇಲ್ಲಿಂದ ದಿನಗಳ ಲೆಕ್ಕ ಶುರು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಗ್ರಾಹಕರ ಹೊಣೆಗೆ ಮಿತಿ ಹಾಕಿತು. ಬ್ಯಾಂಕಿನ ತಪ್ಪಿನಿಂದ ಹಣ ಹೋದರೆ ನಿಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವಿನ ಯಾವುದೋ ವ್ಯವಸ್ಥೆಯಲ್ಲಿ ಸೋರಿಕೆಯಾಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆಯೂ ಸೊನ್ನೆ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಬೇಸಿಕ್ ಉಳಿತಾಯ ಖಾತೆಗೆ 5,000, ಸಾಮಾನ್ಯ ಉಳಿತಾಯ ಖಾತೆಗೂ 5 ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿಗೂ 10,000, ಅದಕ್ಕಿಂತ ದೊಡ್ಡ ಕಾರ್ಡಿಗೆ 25,000 ರೂಪಾಯಿವರೆಗೆ ನಿಮ್ಮ ತಲೆಯ ಮೇಲೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ.

ಸಂದೇಶ ಬಂದ ದಿನ ಎಣಿಕೆಗೆ ಸೇರುವುದಿಲ್ಲ. ಕೆಲಸದ ದಿನ ಎಂದರೆ ನಿಮ್ಮ ಖಾತೆಯಿರುವ ಶಾಖೆ ತೆರೆದಿರುವ ದಿನ. 2025ರ ದೀಪಾವಳಿಯನ್ನೇ ತೆಗೆದುಕೊಳ್ಳಿ. ಅಕ್ಟೋಬರ್ 18ರ ಶನಿವಾರ ರಾತ್ರಿ ಎಂಟಕ್ಕೆ, ಬೆಂಗಳೂರಿನಲ್ಲಿ ಖಾತೆಯಿರುವ ಒಬ್ಬರ ಮೊಬೈಲಿಗೆ ಅವರು ಮಾಡದ 18,000 ರೂಪಾಯಿ ಖರೀದಿಯ ಸಂದೇಶ ಬಂತು ಎಂದಿಟ್ಟುಕೊಳ್ಳೋಣ. 19 ಭಾನುವಾರ. 20 ನರಕ ಚತುರ್ದಶಿ, ರಜೆ. 21ರ ಮಂಗಳವಾರ ಮೊದಲ ಕೆಲಸದ ದಿನ. 22 ಬಲಿಪಾಡ್ಯಮಿ, ಮತ್ತೆ ರಜೆ. 23 ಎರಡನೆಯದು, 24ರ ಶುಕ್ರವಾರ ಮೂರನೆಯದು. 25 ನಾಲ್ಕನೇ ಶನಿವಾರ, 26 ಭಾನುವಾರ. ಏಳನೆಯ ಕೆಲಸದ ದಿನ ಬರುವುದು 30ರ ಗುರುವಾರ. ಮೂರು ದಿನದ ಗಡುವು ಹಬ್ಬದ ದೆಸೆಯಿಂದ ಆರು ದಿನವಾಯಿತು, ಏಳರದ್ದು ಹನ್ನೆರಡಾಯಿತು.

ಗ್ರಾಹಕರಿಗೆ ಇದು ಅನುಕೂಲದ ನಿಯಮ, ಇರಲಿ. ಆದರೆ ಹಣ ರಜೆ ಹಾಕುವುದಿಲ್ಲ. ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ವರ್ಷದ ಎಲ್ಲ ದಿನವೂ ಹಗಲೂ ರಾತ್ರಿ ನಡೆಯುತ್ತಿವೆ. ಯುಪಿಐ ಮೊದಲಿನಿಂದಲೂ ಹಾಗೇ. ಶನಿವಾರ ರಾತ್ರಿ ಎಂಟರಿಂದ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಶಾಖೆಯ ಬಾಗಿಲು ತೆರೆಯುವವರೆಗೆ 62 ಗಂಟೆ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹಣ ಸಾಗಿಸುತ್ತದೆ, ಅಲ್ಲಿಗೆ 124 ಕಂತು. "ಹಬ್ಬ ಮುಗಿಯಲಿ, ಬ್ಯಾಂಕಿಗೆ ಹೋಗಿ ವಿಚಾರಿಸೋಣ" ಎನ್ನುವ ಮನೆಯ ಹಿರಿಯರ ಮಾತು ನಿಯಮದ ಪ್ರಕಾರ ತಪ್ಪಲ್ಲ. ಆದರೆ ಅಷ್ಟರಲ್ಲಿ ಹಣ ಎಲ್ಲಿರುತ್ತದೆ ಎನ್ನುವುದನ್ನು ನಿಯಮ ನೋಡುವುದಿಲ್ಲ. ಶಾಖೆ ಮುಚ್ಚಿದ್ದರೂ ದೂರು ತೆಗೆದುಕೊಳ್ಳಲು ಬ್ಯಾಂಕು ದಿನದ 24 ಗಂಟೆಯೂ ಫೋನ್, ಎಸ್‌ಎಂಎಸ್, ವೆಬ್‌ಸೈಟ್ ತೆರೆದಿಡಬೇಕು ಎಂದು ಅದೇ ಸುತ್ತೋಲೆ ಹೇಳುತ್ತದೆ. ಅಜ್ಜಿಯ ಎಣ್ಣೆಸ್ನಾನದ ನೀರು ಕಾಯುತ್ತಿರುವಾಗಲೇ ಕಾರ್ಡ್ ಬ್ಲಾಕ್ ಮಾಡಿಸಬಹುದು.

ಆ 18,000ದ ಲೆಕ್ಕ ಹೀಗಾಗುತ್ತದೆ. 24ರೊಳಗೆ ತಿಳಿಸಿದರೆ ನಷ್ಟ ಸೊನ್ನೆ. 30ರೊಳಗೆ ತಿಳಿಸಿದರೆ 10,000. ಇಲ್ಲೊಂದು ಸಂಗತಿ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ: ಆ 10,000ದ ಮಿತಿ ಪ್ರತಿ ವಹಿವಾಟಿಗೆ, ವಹಿವಾಟಿನ ಮೊತ್ತ ಮತ್ತು ಮಿತಿ ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ವಂಚಕ 18,000ವನ್ನು ಒಂದೇ ಏಟಿಗೆ ತೆಗೆಯದೆ 9,000ದಂತೆ ಎರಡು ಸಲ ತೆಗೆದಿದ್ದರೆ ಎರಡೂ ಮಿತಿಯೊಳಗೆ ಬರುತ್ತವೆ, ಪೂರ್ತಿ 18,000 ನಿಮ್ಮದೇ ಹೊಣೆಯಾಗುತ್ತದೆ. ಚಿಕ್ಕ ಚಿಕ್ಕ ಮೊತ್ತದಲ್ಲಿ ದೋಚುವುದು ವಂಚಕರ ಮಾಮೂಲಿ ಪದ್ಧತಿ. ಒಂದು ಘಟನೆಗೆ ಒಂದೇ ಮಿತಿ ಎಂದಿರಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗಿರುವಂತೆ ಸಣ್ಣ ಮೊತ್ತಗಳ ಸರಣಿ ಕಂಡಾಗಲೇ ಹೆಚ್ಚು ಅವಸರ ಮಾಡಬೇಕು.

ಇಷ್ಟೂ ರಕ್ಷಣೆ ಒಟಿಪಿ, ಪಿನ್ ಹೇಳಿಕೊಟ್ಟವರಿಗೆ ಸಿಗುವುದಿಲ್ಲ. ನಿರ್ಲಕ್ಷ್ಯ ಗ್ರಾಹಕರದ್ದಾದರೆ ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವರದೇ. ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ನಾಚಿಕೆಯಿಂದ ಸುಮ್ಮನಿರುವವರು ಈ ಎರಡನೆಯ ಭಾಗವನ್ನು ಗಮನಿಸಬೇಕು. ಒಟಿಪಿ ಕೊಟ್ಟೇಬಿಟ್ಟಿದ್ದರೂ, ಕರೆ ಮಾಡಿದ ನಿಮಿಷದಿಂದ ಹೊಣೆ ಆಚೆ ದಾಟುತ್ತದೆ. ನಿರ್ಲಕ್ಷ್ಯ ನಿಮ್ಮದೆಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲಿದೆ.

ಕರೆ ಎರಡು ಕಡೆಗೆ ಹೋಗಬೇಕು. ಮೊದಲು ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ ಬ್ಯಾಂಕಿನ ಸಂಖ್ಯೆಗೆ, ಬ್ಲಾಕ್ ಮಾಡಿಸಲು. ಆ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಕಸ್ಟಮರ್ ಕೇರ್ ಹೆಸರಿನಲ್ಲಿ ವಂಚಕರೇ ತಮ್ಮ ನಂಬರ್ ಹಾಕಿಟ್ಟಿರುತ್ತಾರೆ. ಕೂಡಲೇ 1930ಕ್ಕೆ, ಅಲ್ಲಿ ಕರೆ ತೆಗೆಯುವುದು ರಾಜ್ಯದ ಪೊಲೀಸರು. ಖಾತೆ ಅಥವಾ ಕಾರ್ಡಿನ ವಿವರ, ಹೋದ ಮೊತ್ತ, ಹೋದ ಸಮಯ, ಯುಪಿಐ ಆದರೆ 12 ಅಂಕಿಯ ಉಲ್ಲೇಖ ಸಂಖ್ಯೆ ಕೇಳುತ್ತಾರೆ. ಎಸ್‌ಎಂಎಸ್ ಅಳಿಸದೆ ಇಟ್ಟುಕೊಂಡಿದ್ದರೆ ಇದೆಲ್ಲ ಅದರಲ್ಲೇ ಇರುತ್ತದೆ. ಎರಡೂ ಕಡೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಬ್ಯಾಂಕಿನ ಮೇಲೂ ಗಡುವಿದೆ: 10 ಕೆಲಸದ ದಿನಗಳಲ್ಲಿ ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳಲ್ಲಿ ದೂರು ಇತ್ಯರ್ಥ ಮಾಡಬೇಕು. ಕ್ರೆಡಿಟ್ ಕಾರ್ಡಾಗಿದ್ದರೆ, ವಂಚನೆ ಎಂದು ದೂರು ಕೊಟ್ಟ ಮೊತ್ತದ ಮೇಲೆ ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹಾಕುವಂತಿಲ್ಲ. ತಿಂಗಳಿಗೆ ಶೇ 3.5ರ ಬಡ್ಡಿ ಎಂದರೆ 18,000ಕ್ಕೆ 630 ರೂಪಾಯಿ. ಬಿಲ್ಲಿನಲ್ಲಿ ಅದು ಬಂದಿದ್ದರೆ ತೆಗೆಸಿ.

ಹಬ್ಬಕ್ಕೆ ಮುಂಚೆ ಮಾಡುವ ಕೆಲಸದ ಲೆಕ್ಕ ಬೇರೆ. ದಾವಣಗೆರೆಯಲ್ಲೊಂದು ಮನೆ ಎಂದುಕೊಳ್ಳಿ. ಹಬ್ಬದ ಖರ್ಚಿಗೆ ಎತ್ತಿಟ್ಟದ್ದು 35,000. ಕೈಯಲ್ಲಿ 1,50,000 ರೂಪಾಯಿ ಮಿತಿಯ ಒಂದು ಕ್ರೆಡಿಟ್ ಕಾರ್ಡು, 62,000 ಇರುವ ಸಂಬಳದ ಖಾತೆ. ಅದೇ ಖಾತೆಗೆ ಡೆಬಿಟ್ ಕಾರ್ಡೂ ಯುಪಿಐಯೂ ಅಂಟಿಕೊಂಡಿವೆ. ಬೇಕಿರುವುದು 35,000, ವಂಚಕರ ಕೈಗೆ ಎಟುಕುವುದು 2,12,000, ಆರು ಪಟ್ಟು. ರಿಸರ್ವ್ ಬ್ಯಾಂಕಿನ 2020ರ ಜನವರಿಯ ಆದೇಶದಿಂದಾಗಿ ಪ್ರತಿ ಕಾರ್ಡಿಗೂ ಆನ್‌ಲೈನ್, ವಿದೇಶ, ಟ್ಯಾಪ್ ಇವನ್ನು ಬೇರೆ ಬೇರೆಯಾಗಿ ಬಂದ್ ಮಾಡುವ, ಮಿತಿ ಹಾಕುವ ಸೌಲಭ್ಯ ಆ್ಯಪಿನಲ್ಲೇ ಇದೆ. ಈ ಮನೆಯವರು ಕ್ರೆಡಿಟ್ ಕಾರ್ಡಿನ ಆನ್‌ಲೈನ್ ಮಿತಿಯನ್ನು 12,000ಕ್ಕೆ, ಅಂಗಡಿಯ ಮಿತಿಯನ್ನು 20,000ಕ್ಕೆ ಇಳಿಸಿದರು, ವಿದೇಶದ ಬಳಕೆ ಮುಚ್ಚಿದರು, ಡೆಬಿಟ್ ಕಾರ್ಡನ್ನು ಪೂರ್ತಿ ಬಂದ್ ಮಾಡಿದರು, ಯುಪಿಐಯನ್ನು 10,000 ಮಾತ್ರ ಇರುವ ಇನ್ನೊಂದು ಖಾತೆಗೆ ಬದಲಿಸಿದರು ಎನ್ನಿ. ಈಗ ಎಟುಕುವುದು 42,000, ಮೊದಲಿನದರ ಐದನೇ ಒಂದು ಭಾಗ. ಖರ್ಚು ಒಂದು ಪೈಸೆ ಇಲ್ಲ, ಹಿಡಿಯುವ ಹೊತ್ತು ಒಂದು ಲೋಟ ಕಾಫಿ ಆರುವಷ್ಟು. ಕಾರ್ಡ್ ಕಳೆದು ಹೊಸದು ತರಿಸಿಕೊಂಡರೂ ಹೊರೆ ಸಣ್ಣದೇ: ಬ್ಯಾಂಕು 200 ರೂಪಾಯಿ ಶುಲ್ಕ ಹಾಕಿದರೆ ಜಿಎಸ್‌ಟಿ ಸೇರಿ 236.

ಟ್ಯಾಪ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 2021ರ ಜನವರಿ 1ರಿಂದ 5,000 ರೂಪಾಯಿವರೆಗೆ ಪಿನ್ ಒತ್ತದೆಯೇ ಹಣ ಹೋಗುತ್ತದೆ. ಜಾತ್ರೆಯಂಥ ನೂಕುನುಗ್ಗಲಿನಲ್ಲಿ ಪರ್ಸು ಬಿದ್ದರೆ ಪ್ರತಿ ಟ್ಯಾಪೂ ಆ 10,000ದ ಮಿತಿಯ ಒಳಗೇ ಬೀಳುತ್ತದೆ. ವಿದೇಶಿ ಜಾಲತಾಣಗಳದ್ದು ಇನ್ನೊಂದು ಕತೆ: ಭಾರತದೊಳಗಿನ ಆನ್‌ಲೈನ್ ಖರೀದಿಗೆ 2009ರಿಂದ ಎರಡನೇ ಹಂತದ ದೃಢೀಕರಣ ಕಡ್ಡಾಯ, ಹೊರದೇಶದ ವ್ಯಾಪಾರಿಗೆ ಆ ಕಟ್ಟುಪಾಡು ಇರಲಿಲ್ಲ. ಕಾರ್ಡಿನ ಸಂಖ್ಯೆ, ಅವಧಿ, ಹಿಂದಿನ ಮೂರು ಅಂಕಿ ಸಿಕ್ಕರೆ ಸಾಕಾಗುತ್ತಿತ್ತು. ಇದನ್ನು ಸರಿಪಡಿಸಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಟ್ಟ ಗಡುವು 2026ರ ಅಕ್ಟೋಬರ್ 1. ದೇಶದೊಳಗಿನ ಅಂಗಡಿ ತಾಣಗಳು 2022ರ ಅಕ್ಟೋಬರ್ 1ರಿಂದ ನಿಮ್ಮ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಇರುತ್ತದೆ. ಹೀಗಿರುವಾಗ ಫೋನಿನಲ್ಲಿ "ನಿಮ್ಮ ಕಾರ್ಡ್ ನಂಬರ್ ದೃಢಪಡಿಸಿ" ಎಂದು ಕೇಳುವವರು ಅಂಗಡಿಯವರಲ್ಲ.

ಹಬ್ಬದ ಬಲೆಗಳ ವಿಚಾರ ಚುಟುಕಾಗಿ. 2022ರ ದೀಪಾವಳಿಗೆ ಮುನ್ನ ಉಚಿತ ಉಡುಗೊರೆಯ ಲಿಂಕುಗಳ ಬಗ್ಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಸಿತ್ತು. ಹಲವು ಚೀನಾದ ವೆಬ್ ವಿಳಾಸಗಳು. ವಾಟ್ಸ್ಆ್ಯಪ್‌ನಲ್ಲಿ ನೆಂಟರಿಂದ ನೆಂಟರಿಗೆ ಹೋಗುತ್ತಿದ್ದವು. ವಿಳಾಸ ಅಪೂರ್ಣವಾಗಿದೆ, ಪಾರ್ಸೆಲ್ ನಿಂತಿದೆ, ಇಷ್ಟು ಕಟ್ಟಿ ಎನ್ನುವ ಅಂಚೆ ಇಲಾಖೆ ಹೆಸರಿನ ಎಸ್‌ಎಂಎಸ್ ಸುಳ್ಳು. ಅಲ್ಲಿ ಕೇಳುವುದು ಚಿಲ್ಲರೆ ಹಣ, ಬೇಕಿರುವುದು ಕಾರ್ಡಿನ ವಿವರ. ಆಮಂತ್ರಣ ಪತ್ರಿಕೆ, ಬಿಲ್ಲು ಎಂದು ಬರುವ ಎಪಿಕೆ ಫೈಲನ್ನು ಒತ್ತಿದರೆ ಒಟಿಪಿ ಓದುವ ಕಳ್ಳ ಆ್ಯಪು ಫೋನಿನೊಳಗೆ ಕೂರುತ್ತದೆ, ಹಾಕಿದ ಮಿತಿಗಳನ್ನೂ ವಂಚಕರು ಏರಿಸಬಲ್ಲರು. ಹಣ ಪಡೆಯಲು ಪಿನ್ ಬೇಕಿಲ್ಲ. ಹಣ ಕೊಡಿ ಎಂದು ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುತ್ತಿದ್ದ ಯುಪಿಐ ಕಲೆಕ್ಟ್ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಬ್ಯಾಂಕುಗಳ ವೆಬ್ ವಿಳಾಸ 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವಂತೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಲಿಂಕಿನ ಬಾಲ ನೋಡುವುದು ಒಂದು ಕ್ಷಣದ ಕೆಲಸ.

ಹಣಕ್ಕಿಂತ ನಿಧಾನವಾಗಿ ನೋಯಿಸುವುದು ಗುರುತಿನ ಕಳವು. ಹಬ್ಬದ ಆಫರಿನಲ್ಲಿ ಕಂತಿಗೆ ಫೋನೋ ಫ್ರಿಜ್ಜೋ ಕೊಳ್ಳುವಾಗ ಆಧಾರ್, ಪ್ಯಾನ್ ಜೆರಾಕ್ಸನ್ನು ಮಳಿಗೆಯ ಹುಡುಗನಿಗೆ ಕೊಡುತ್ತೇವೆ, ಅವನು ತನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾನೆ. ಆ ಪ್ರತಿ ಇನ್ನೊಬ್ಬರ ಸಾಲಕ್ಕೆ ಬಳಕೆಯಾದರೆ ಗೊತ್ತಾಗುವುದು ಮನೆಸಾಲ ಕೇಳಲು ಹೋದ ದಿನ. 12 ಅಂಕಿಯಲ್ಲಿ ಕೊನೆಯ 4 ಮಾತ್ರ ಕಾಣುವ ಮಾಸ್ಕ್ ಆಧಾರ್ ಕೊಡಬಹುದು. ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿವೆ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಾವಲು ಇಟ್ಟ ಹಾಗೆ. ತಪ್ಪು ಸಾಲದ ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳದೆಯೇ ಹೆಸರಿಗೆ ಕಾರ್ಡ್ ಕೊಟ್ಟು ಬಿಲ್ ಹಾಕಿದರೆ ಬಿಲ್ ರದ್ದು ಮಾಡಿ ಅದರ ಎರಡರಷ್ಟು ದಂಡವನ್ನು ಬ್ಯಾಂಕೇ ತೆರಬೇಕು. ಬಳಸದ ಕಾರ್ಡನ್ನು ಮುಚ್ಚಲು ಕೇಳಿದ ಮೇಲೆ, ಬಾಕಿಯಿಲ್ಲದಿದ್ದರೆ 7 ಕೆಲಸದ ದಿನದಲ್ಲಿ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500.

2023ರಲ್ಲಿ ದಕ್ಷಿಣ ಕನ್ನಡದಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಹೋದ ದೂರುಗಳು ಬಂದವು. ಆ ದಾರಿಯಲ್ಲಿ ಒಂದು ವಹಿವಾಟಿಗೆ 10,000 ರೂಪಾಯಿ ಮಿತಿ; ಒಟಿಪಿ ಇಲ್ಲ, ಕಾರ್ಡೂ ಬೇಡ. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಉಚಿತವಾಗಿ ಬೀಗ ಹಾಕಬಹುದು. ಊರಿನಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲಿ ಮಕ್ಕಳು ಮಾಡಿಕೊಡಬೇಕಾದ ಮೊದಲ ಕೆಲಸ ಇದೇ ಎಂದು ನನಗನಿಸುತ್ತದೆ. ಹಳೆಯ ಸಿಮ್ ಬಿಟ್ಟಿದ್ದರೆ ಬ್ಯಾಂಕಿನಲ್ಲಿ ಸಂಖ್ಯೆ ಬದಲಿಸಿದ್ದೀರೋ ನೋಡಿಕೊಳ್ಳಿ: ನಿಷ್ಕ್ರಿಯವಾದ ಸಂಖ್ಯೆ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು, ನಿಮ್ಮ ಒಟಿಪಿ ಅದರ ಹಿಂದೆಯೇ ಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ ಸಾಥಿ ತಾಣ ತೋರಿಸುತ್ತದೆ. ಒಬ್ಬರಿಗೆ ಹೆಚ್ಚೆಂದರೆ 9.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಖರೀದಿಯ ಭರಾಟೆ ಥ್ಯಾಂಕ್ಸ್‌ಗಿವಿಂಗ್‌ನಿಂದ ಕ್ರಿಸ್‌ಮಸ್‌ವರೆಗೆ. ಅಲ್ಲಿ ಕ್ರೆಡಿಟ್ ಕಾರ್ಡ್ ವಂಚನೆಯಲ್ಲಿ ಗ್ರಾಹಕರ ಹೊಣೆ ಕಾನೂನಿನ ಪ್ರಕಾರ ಹೆಚ್ಚೆಂದರೆ 50 ಡಾಲರ್. ಡೆಬಿಟ್ ಕಾರ್ಡ್ ಕಳೆದದ್ದು ತಿಳಿದ ಎರಡು ಕೆಲಸದ ದಿನದೊಳಗೆ ಹೇಳಿದರೆ 50, ತಡವಾದರೆ 500, ಸ್ಟೇಟ್‌ಮೆಂಟ್ ಕಳಿಸಿದ 60 ದಿನದ ನಂತರವೂ ಹೇಳದಿದ್ದರೆ ಆಮೇಲಿನ ನಷ್ಟಕ್ಕೆ ಮಿತಿಯೇ ಇಲ್ಲ. ಆನ್‌ಲೈನ್ ಖರೀದಿಗೆ ಅಲ್ಲಿ ಕ್ರೆಡಿಟ್ ಕಾರ್ಡೇ ವಾಸಿ. ಹೆಸರಿನಲ್ಲಿ ಹೊಸ ಸಾಲ ಹುಟ್ಟದಂತೆ ತಡೆಯುವ ಕ್ರೆಡಿಟ್ ಫ್ರೀಜ್ 2018ರ ಸೆಪ್ಟೆಂಬರ್ 21ರಿಂದ ಉಚಿತ.

ಮತ್ತೆ ನಮ್ಮ ಬ್ಯಾಂಕಿನ ಕೌಂಟರಿಗೆ. ದೂರು ಕೊಟ್ಟ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿಗೆ ಮೊದಲು ತಿಳಿಸಿದ ದಿನಾಂಕ, ಗಂಟೆ, ದೂರಿನ ಸಂಖ್ಯೆ, 1930ರ ಉಲ್ಲೇಖ ಮತ್ತು ವಂಚನೆಯ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್ ಈ ಐದನ್ನು ಜೊತೆಗೆ ಲಗತ್ತಿಸಿ. ಬಾಯಿಮಾತಿನಲ್ಲಿ ಶಾಖೆಗೆ ಹೇಳಿ ಬಂದದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.